ಸಿಗ್ನಲ್ ಬಿಟ್ಟ ಮೇಲೆ ನುಗ್ಗುವ ಬೈಕುಗಳ ಎಣಿಕೆ: ನನ್ನ ಅನುಭವ

ಬೆಂಗಳೂರಿನ ಜಂಕ್ಷನ್ನಿನಲ್ಲಿ ಒಂದೇ ಕ್ಯಾಮೆರಾ ಇಟ್ಟು, 4 ಜಿಬಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಬೈಕುಗಳ ಐಡಿ (ಎಣಿಸಲು ಪ್ರತಿ ಗಾಡಿಗೂ ಕೊಡುವ ಸಂಖ್ಯೆ) ಹಿಡಿದಿಡಲು ಸಾಧ್ಯವೇ ಇಲ್ಲ ಅಂದವರೇ ಹೆಚ್ಚು. ಸಾಧ್ಯವಾಯಿತು. ಹಳೇ ಜಿಟಿಎಕ್ಸ್ 1650 ಕಾರ್ಡು, ಗಾಡಿ ಗುರುತಿಸಿ ಸುತ್ತ ಬಾಕ್ಸು ಹಾಕುವ ಡಿಟೆಕ್ಟರ್ ಯೋಲೋ, ಆ ಬಾಕ್ಸುಗಳನ್ನು ಫ್ರೇಮಿನಿಂದ ಫ್ರೇಮಿಗೆ ಜೋಡಿಸಿ ಐಡಿ ಕಾಯುವ ಟ್ರ್ಯಾಕರ್ ಬೈಟ್‌ಟ್ರ್ಯಾಕ್, ಇಷ್ಟೇ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕೈಯಲ್ಲಿ ಎಣಿಸಿ ತಾಳೆ ನೋಡಿದಾಗ ನೂರಕ್ಕೆ ಮೂರೋ ನಾಲ್ಕೋ ತಪ್ಪು ಸಿಕ್ಕವು.

ಮೊದಲು ಎಂಒಜಿ2 (ಅಲುಗದ ಹಿನ್ನೆಲೆಯನ್ನು ಕಳೆದು ಚಲಿಸುವುದನ್ನು ಮಾತ್ರ ಉಳಿಸುವ ವಿಧಾನ) ಹಾಕಿ ಕೆಟ್ಟೆ. ಹಿನ್ನೆಲೆ ಕಲಿಯಲು ಅದು ನೋಡುವ ಹಿಸ್ಟರಿ 500 ಫ್ರೇಮ್ ಅಂದರೆ 25 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 25 ಫ್ರೇಮ್) 20 ಸೆಕೆಂಡು. ಕೆಂಪು ದೀಪ ಅದಕ್ಕಿಂತ ಉದ್ದ, ಅಷ್ಟರೊಳಗೇ ನಿಂತ ಗಾಡಿಗಳು ಹಿನ್ನೆಲೆಯಲ್ಲಿ ಕರಗಿರುತ್ತವೆ. ನೆರಳೆಂದು ಅದು 127 ಬೆಲೆ ಕೊಡುವ ಪಿಕ್ಸೆಲ್‌ಗಳನ್ನು ತೆಗೆದುಹಾಕಿದರೂ ಅಕ್ಕಪಕ್ಕದ ಎರಡು ಬೈಕು ಒಂದೇ ಮುದ್ದೆ.

ಆಮೇಲೆ ಸಾರ್ಟ್ ಎಂಬ ಸರಳ ಟ್ರ್ಯಾಕರ್. ಅದರ ಮ್ಯಾಕ್ಸ್ ಏಜ್ (ಕಾಣದ ಗಾಡಿಯನ್ನು ಎಷ್ಟು ಫ್ರೇಮ್ ನೆನಪಿಡಬೇಕೆಂಬುದು) ಡಿಫಾಲ್ಟ್ 1, ಬಸ್ಸಿನ ಹಿಂದೆ ಮರೆಯಾದ ಬೈಕು ಹೊಸ ಐಡಿಯೊಂದಿಗೆ ಹೊರಬರುತ್ತದೆ. 30ಕ್ಕೆ ಏರಿಸಿದರೆ ಹಳೇ ಐಡಿ ಪಕ್ಕದ ಬೈಕಿಗೆ ಅಂಟುತ್ತದೆ. ರೂಪವನ್ನೂ ಹೋಲಿಸುವ ಡೀಪ್‌ಸಾರ್ಟ್‌ಗೆ ಕಪ್ಪು ಹೆಲ್ಮೆಟ್ಟುಗಳೆಲ್ಲ ಒಂದೇ. ಸಾಲದ್ದಕ್ಕೆ ವೇಗ ಸುಮಾರು 8 ಎಫ್‌ಪಿಎಸ್‌ಗೆ ಇಳಿಯಿತು. ಎರಡು ಫ್ರೇಮ್ ನಡುವೆ ಬೈಕು ತನ್ನ ಬಾಕ್ಸಿನ ಉದ್ದಕ್ಕಿಂತ ಹೆಚ್ಚು ಸರಿದರೆ ಆ ಎರಡು ಬಾಕ್ಸುಗಳ ಐಒಯು (ಒಂದರ ಮೇಲೊಂದು ಬೀಳುವ ಪ್ರಮಾಣ) ಸೊನ್ನೆ, ಅದನ್ನೇ ನೆಚ್ಚಿದ ಟ್ರ್ಯಾಕರ್ ಸುಲಭವಾಗಿ ಎಡವುತ್ತದೆ. 4ಕೆ ಕ್ಯಾಮೆರಾಕ್ಕೆ ಹದಿನಾಲ್ಕು ಸಾವಿರದಷ್ಟು ಸುರಿದದ್ದೂ ಇದೇ ಕಾರಣಕ್ಕೆ ದಂಡ: ಅದು ಕೊಟ್ಟದ್ದು 15 ಎಫ್‌ಪಿಎಸ್, ಹೇಗೂ ಯೋಲೋಗೆ ಕೊಡಲು ಚಿತ್ರವನ್ನು 640 ಪಿಕ್ಸೆಲ್‌ಗೆ ಕುಗ್ಗಿಸಲೇಬೇಕು. ಮೂರು ಸಾವಿರ ಚಿಲ್ಲರೆಯ 2 ಮೆಗಾಪಿಕ್ಸೆಲ್ ಕ್ಯಾಮೆರಾ 25 ಕೊಟ್ಟಿತು, ಕೆಲಸ ನಡೆಯಿತು.

ಬೈಟ್‌ಟ್ರ್ಯಾಕ್‌ನಲ್ಲಿ ಹಲವರು ಎಡವುವುದು ಒಂದೇ ಕಡೆ. ಡಿಟೆಕ್ಟರಿನ ಕಾನ್ಫಿಡೆನ್ಸನ್ನು (ಇದು ಗಾಡಿಯೇ ಎಂಬ ಖಾತ್ರಿಯ ಸ್ಕೋರು) 0.5ಕ್ಕೆ ಕತ್ತರಿಸಿ, ಅದಕ್ಕಿಂತ ಕಡಿಮೆಯ ಬಾಕ್ಸುಗಳನ್ನು ಬಿಟ್ಟು ಕೊಡುತ್ತಾರೆ. ಅರ್ಧ ಮರೆಯಾದ ಬೈಕಿನ ಸ್ಕೋರು 0.2, 0.3ರಲ್ಲೇ ಓಡಾಡುತ್ತದೆ. ಹೆಚ್ಚು ಸ್ಕೋರಿನ ಬಾಕ್ಸುಗಳನ್ನು ಮೊದಲು ಹೊಂದಿಸಿದ ಮೇಲೆ, ಎರಡನೇ ಸುತ್ತಿನ ಹೊಂದಾಣಿಕೆಗೆ ಬೇಕಾದದ್ದೇ ಆ ಬಾಕ್ಸುಗಳು. ಅವನ್ನು ಬಿಸಾಡಿದರೆ ಉಳಿಯುವುದು ಬರೀ ಸಾರ್ಟ್. ನಾನು ಇಟ್ಟ ಮಿತಿಗಳು: ಡಿಟೆಕ್ಟರಿಗೆ 0.1, ಮೊದಲ ಸುತ್ತಿಗೆ (ಹೈ) 0.5, ಹೊಸ ಟ್ರ್ಯಾಕಿಗೆ, ಅಂದರೆ ಹೊಸ ಐಡಿ ಶುರುವಾಗಲು 0.6, ಕಾಣದಾದ ಗಾಡಿಯನ್ನು ಕಾಯುವ ಬಫರ್ 45 ಫ್ರೇಮ್. ಗಾಡಿಯ ಮುಂದಿನ ಜಾಗ ಊಹಿಸುವ ಕಾಲ್ಮನ್ ಫಿಲ್ಟರಿನ ನಾಯ್ಸ್ ಬೆಲೆಗಳನ್ನೂ ತಿದ್ದಿದ್ದೇನೆ, ಅವು ಸದ್ಯ ನನ್ನಲ್ಲೇ ಇರಲಿ.

ಯೋಲೋ ಕಲಿತ ಕೋಕೋ ಎಂಬ ಚಿತ್ರಗಳ ಡೇಟಾಸೆಟ್‌ನಲ್ಲಿ ಆಟೋ ಎಂಬ ವರ್ಗವೇ ಇಲ್ಲ, ಆಟೋವನ್ನು ಅದು ಒಮ್ಮೆ ಕಾರು ಅನ್ನುತ್ತದೆ, ಒಮ್ಮೆ ಟ್ರಕ್ಕು. ಸುಮಾರು 1,800 ಚಿತ್ರಗಳಿಗೆ ಕೂತು ಲೇಬಲ್ ಹಾಕಿದೆ, ಬೈಕು ಮತ್ತು ಸವಾರರನ್ನು ಒಂದೇ ಬಾಕ್ಸಿನಲ್ಲಿ ಸೇರಿಸಿ. ಟ್ರ್ಯಾಕ್ ಮುಗಿದ ಮೇಲೆ ಹೆಚ್ಚು ಫ್ರೇಮಿನಲ್ಲಿ ಬಂದ ವರ್ಗವೇ ಲೆಕ್ಕಕ್ಕೆ.

ಎಣಿಸುವ ಗೆರೆಯನ್ನು ಸ್ಟಾಪ್ ಲೈನಿನ ಮೇಲೆ ಎಳೆಯಬೇಡಿ. ನಿಂತ ಗಾಡಿಯ ಬಾಕ್ಸು ನಡುಗಿ ಒಂದೇ ಬೈಕು ನಾಲ್ಕು ಸಲ ದಾಟುತ್ತದೆ. ಹತ್ತು ಹನ್ನೆರಡು ಮೀಟರ್ ಮುಂದೆ ಎರಡು ಗೆರೆ ಎಳೆದು, ಎರಡನ್ನೂ ಕ್ರಮವಾಗಿ ದಾಟಿದರೆ ಮಾತ್ರ ಒಂದು. ಬಾಕ್ಸಿನ ನಡುಬಿಂದು ಬೇಡ, ಕೆಳಅಂಚಿನ ನಡುವನ್ನು ಹಿಡಿಯಿರಿ. ಆಗ ಬಸ್ಸಿನ ಎತ್ತರ ಲೆಕ್ಕ ಕೆಡಿಸುವುದಿಲ್ಲ.

ಭಾರಿ ಲಾರಿ ಹಾದಾಗ ಕ್ಯಾಮೆರಾ ಕಂಬ ಅಲ್ಲಾಡುತ್ತಿತ್ತು. ಅದಕ್ಕೆಂದು ಬಾಟ್‌ಸಾರ್ಟ್ ಎಂಬ ಇನ್ನೊಂದು ಟ್ರ್ಯಾಕರಿನ ಕ್ಯಾಮೆರಾ ಚಲನೆ ತಿದ್ದುಪಡಿಯನ್ನೂ ಹಚ್ಚಿ ನೋಡಿದೆ. ಸಮಯ ತಿಂದಿತೇ ಹೊರತು ಪ್ರಯೋಜನವಿಲ್ಲ. ಕ್ಲ್ಯಾಂಪಿಗೆ ರಬ್ಬರ್ ಕೊಟ್ಟು ಬಿಗಿ ಮಾಡಿದ ಮೇಲೆ ಸರಿಹೋಯಿತು. ಮಳೆ ರಾತ್ರಿಯಲ್ಲಿ ಮಾತ್ರ ಒದ್ದೆ ರಸ್ತೆಯ ಮೇಲಿನ ಹೆಡ್‌ಲೈಟ್ ಬೆಳಕಿಗೂ ಇನ್ನೂ ಬಾಕ್ಸು ಬೀಳುತ್ತಿದೆ, ಅಂಥ ರಾತ್ರಿಯ ಚಿತ್ರಗಳಿಗೆ ಈಗ ಲೇಬಲ್ ಹಾಕುತ್ತಿದ್ದೇನೆ.