ಇಂಪ್ಲಾಂಟ್ ಸುತ್ತಲಿನ ವಸಡಿನಲ್ಲಿ ರಕ್ತ ಕಂಡರೆ ಏನು ಮಾಡಬೇಕು?

ಹಲ್ಲುಜ್ಜುವಾಗ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಿದ ಜಾಗದಲ್ಲಿ ರಕ್ತ ಒಸರಿದರೆ, ನೋವಿಲ್ಲವೆಂಬ ಕಾರಣಕ್ಕೆ ಅದನ್ನು ಹಾಗೆಯೇ ಬಿಡಬಾರದು. ಉರಿಯೂತವು ಮೂಳೆಯನ್ನು ಕರಗಿಸುವ ಹಂತ ತಲುಪಿದಾಗಲೂ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ವಸಡಿನಲ್ಲಷ್ಟೇ ಇರುವ ಉರಿಯೂತವನ್ನು ಕೊಯ್ಯದೆ, ಹೊಲಿಯದೆ, ಶುಚಿಗೊಳಿಸುವುದರಿಂದಲೇ ವಾಸಿಮಾಡಬಹುದು. ಹೋದ ಮೂಳೆಯನ್ನು ಹಾಗೆ ಮರಳಿ ತರಲಾಗದು.

ಇಂಪ್ಲಾಂಟ್‌ಗೆ ಇಷ್ಟು ಎಚ್ಚರಿಕೆ ಏಕೆಂದರೆ, ಅದರ ಸುತ್ತಲಿನ ವಸಡಿನ ರಚನೆಯೇ ಬೇರೆ. ಸಹಜ ಹಲ್ಲಿನಲ್ಲಿ ವಸಡಿನ ನಾರುಗಳು ಬೇರಿನೊಳಕ್ಕೆ ಅಡ್ಡಲಾಗಿ ನಾಟಿಕೊಂಡು ಸೋಂಕನ್ನು ತಡೆಯುತ್ತವೆ. ಸ್ವೀಡನ್ನಿನ ವೈದ್ಯ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಬೇರು ಕೂರಿಸಿದಂದಿನಿಂದ ಮೂಳೆ ಆ ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆಂಬುದು ರುಜುವಾತಾಗಿದೆ. ಆದರೆ ವಸಡಿನ ನಾರುಗಳು ಲೋಹದೊಳಕ್ಕೆ ಹೊಗಲಾರವು. ಅವು ಅಂಗಿಯ ಕಾಲರ್ ಕುತ್ತಿಗೆಯನ್ನು ಸುತ್ತಿದ ಹಾಗೆ ಸುತ್ತಿಕೊಂಡಿರುತ್ತವೆ, ಅಷ್ಟೇ. ರಕ್ತನಾಳಗಳೂ ಅಲ್ಲಿ ಕಡಿಮೆ.

ಮೊದಲು ಆಗಬೇಕಾದದ್ದು ಅಳತೆ. ವೈದ್ಯರು ಗುರುತುಗಳಿರುವ ತೆಳು ಕಡ್ಡಿಯನ್ನು ವಸಡಿನ ಅಂಚಿನೊಳಗೆ ಹಗುರವಾಗಿ ಇಳಿಸಿ ಆಳವನ್ನೂ ರಕ್ತ, ಕೀವುಗಳನ್ನೂ ನೋಡುತ್ತಾರೆ. ಬಳಿಕ ಹೊಸ ಎಕ್ಸ್‌ರೇಯನ್ನು ಹಳೆಯದರೊಂದಿಗೆ ಹೋಲಿಸಿ ಮೂಳೆ ಇಳಿದಿದೆಯೇ ಎಂದು ತೀರ್ಮಾನಿಸುತ್ತಾರೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇಂಪ್ಲಾಂಟ್ ಹಾಕಿಸಿಕೊಂಡು ಊರಿಗೆ ಮರಳಿದವರು ನಮ್ಮ ಕರಾವಳಿಯಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕು: ಹಳೆಯ ಎಕ್ಸ್‌ರೇಯನ್ನೂ ಇಂಪ್ಲಾಂಟ್ ಕಂಪನಿಯ ಹೆಸರಿರುವ ಚೀಟಿಯನ್ನೂ ತಪ್ಪದೆ ಒಯ್ಯಿರಿ. ಕಂಪನಿ ಬದಲಾದರೆ ಇಂಪ್ಲಾಂಟ್ ಮೇಲೆ ಕೂರಿಸಿದ ಹಲ್ಲನ್ನು ಬಿಚ್ಚುವ ಸಾಧನವೂ ಬದಲಾಗಬಹುದು. ಮಣಿಪಾಲ, ದೇರಳಕಟ್ಟೆಗಳ ದಂತ ಕಾಲೇಜುಗಳಲ್ಲಿ ವಸಡಿನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗಗಳಿವೆ.

ಮುಂದಿನದು ಶುಚಿಗೊಳಿಸುವಿಕೆ, ಚಿಕಿತ್ಸೆಯ ತಿರುಳೇ ಇದು. ಸಾಮಾನ್ಯ ಸ್ಟೀಲ್ ಉಪಕರಣದಿಂದ ಕೆರೆದರೆ ಟೈಟಾನಿಯಂ ಮೇಲೆ ಗೀರುಗಳೆದ್ದು ಪಾಚಿ ಕೂರಲು ಅನುಕೂಲವಾದೀತೆಂದು ಟೈಟಾನಿಯಂ ಅಥವಾ ಪ್ಲಾಸ್ಟಿಕ್ ತುದಿಯ ಸಾಧನಗಳನ್ನು, ಇಲ್ಲವೇ ಗ್ಲೈಸಿನ್ ಪುಡಿಯನ್ನು ಗಾಳಿ-ನೀರಿನೊಂದಿಗೆ ಚಿಮ್ಮಿಸುವ ಯಂತ್ರವನ್ನು ಬಳಸುತ್ತಾರೆ. ಹಲ್ಲನ್ನು ಅಂಟಿಸಿದ ಸಿಮೆಂಟಿನ ಚೂರು ವಸಡಿನಡಿ ಉಳಿದಿದ್ದರೆ ಅದನ್ನು ತೆಗೆಯದೆ ಏನು ಮಾಡಿದರೂ ಪ್ರಯೋಜನವಿಲ್ಲ. ಬ್ರಶ್ ಒಳಹೋಗದಂತೆ ಹಲ್ಲಿನ ಆಕಾರವಿದ್ದರೆ ಅದನ್ನೂ ತಿದ್ದಿಸಬೇಕು. ಇದನ್ನು ವೈದ್ಯರಲ್ಲಿ ನೇರವಾಗಿ ಕೇಳಲು ಸಂಕೋಚ ಬೇಡ.

ಮನೆಯಲ್ಲಿ ದಿನಕ್ಕೆರಡು ಬಾರಿ ಮೆದು ಬ್ರಶ್ಶಿನ ಎಳೆಗಳು ವಸಡಿನ ಅಂಚನ್ನು ತಾಗುವಂತೆ ಓರೆಯಾಗಿ ಹಿಡಿದು ಉಜ್ಜಬೇಕು. ಸಂದುಗಳಿಗೆ, ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವ ಪುಟ್ಟ ಬ್ರಶ್ಶನ್ನು ತೂರಿಸಿ ಹಿಂದೆ ಮುಂದೆ ಆಡಿಸಬೇಕು. ಅದು ಸಡಿಲವಾಗಿ ಜಾರಿದರೆ ಗಾತ್ರ ಸಾಲದು, ತುರುಕಬೇಕಾಗಿ ಬಂದರೆ ಹೆಚ್ಚಾಯಿತು. ಮೊದಮೊದಲು ರಕ್ತ ಬಂದರೂ ನಿಲ್ಲಿಸಬಾರದು. ಉಮಿಕರಿಯಿಂದ ತಿಕ್ಕುವ ಅಭ್ಯಾಸವಿರುವವರು ಅದನ್ನು ಬಿಡುವುದೇ ಒಳ್ಳೆಯದು. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವುದು ವೈದ್ಯರು ಹೇಳಿದಷ್ಟು ದಿನ ಮಾತ್ರ, ಏಕೆಂದರೆ ಅದು ಹಲ್ಲಿಗೆ ಕಂದು ಕಲೆ ಹಿಡಿಸಿ ನಾಲಗೆಯ ರುಚಿಯನ್ನೂ ಕೆಡಿಸುತ್ತದೆ.

ಮೆಡಿಕಲ್ ಶಾಪಿನಿಂದ ತಾವಾಗಿಯೇ ಆಂಟಿಬಯೋಟಿಕ್ ತಂದು ನುಂಗುವುದು ಖಂಡಿತ ಬೇಡ. ಪಾಚಿ ಇದ್ದಲ್ಲೇ ಇದ್ದರೆ ಉರಿಯೂತವೂ ಮರಳುತ್ತದೆ. ಸಿಗರೇಟು, ಬೀಡಿ, ಹೊಗೆಸೊಪ್ಪು ಹಾಕಿದ ಎಲೆ-ಅಡಿಕೆಗಳನ್ನು ಬಿಡದೆ, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡದೆ ವಸಡು ಮಾತ್ರ ವಾಸಿಯಾಗಲಿ ಎಂದರೆ ಆಗುವ ಮಾತಲ್ಲ.

ಎರಡು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಲೇಬೇಕು. ಆಗಲೂ ರಕ್ತವೋ ಕೀವೋ ಉಳಿದಿದ್ದರೆ ಮತ್ತೊಮ್ಮೆ ಶುಚಿಗೊಳಿಸುತ್ತಾರೆ; ಮೂಳೆ ಕರಗಿ, ಕಡ್ಡಿ ಇಳಿಯುವ ಆಳ 6 ಮಿಲಿಮೀಟರಿನಷ್ಟೋ ಅದಕ್ಕಿಂತ ಹೆಚ್ಚೋ ಉಳಿದು ರಕ್ತವೂ ಬರುತ್ತಿದ್ದರೆ ವಸಡನ್ನು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆಯ ವಿಚಾರವನ್ನು ಆಗ ವೈದ್ಯರೊಂದಿಗೆ ಮಾತನಾಡಬೇಕಾಗುತ್ತದೆ.