ಆಂಟಿವೈರಸ್ ಕಸಿದುಕೊಂಡ ಫೋಲ್ಡರ್

ಶಿರಸಿಯ ಮನೆಯಲ್ಲಿ ಕುಳಿತು ಅಡಿಕೆ ವಹಿವಾಟಿನ ಲೆಕ್ಕಪತ್ರಕ್ಕೆ ತಂತ್ರಾಂಶ ಬರೆಯುವುದು ನನ್ನ ಕಸುಬು. ತಾವು ಸೂಚಿಸಿದ ಆಂಟಿವೈರಸ್ ಇಲ್ಲದ ಕಂಪ್ಯೂಟರಿನಲ್ಲಿ ತಮ್ಮ ಕೆಲಸ ನಡೆಯಕೂಡದು ಎಂದು ಕಾರವಾರದ ಗ್ರಾಹಕರೊಬ್ಬರು ಕರಾರಿನಲ್ಲಿ ಸೇರಿಸಿದ್ದರಿಂದ, ಇಂಟೆಲ್ ಚಿಪ್ಪಿನ ನನ್ನ ಹಳೆಯ ಮ್ಯಾಕ್‌ಗೆ ಅದನ್ನು ಹಾಕಿಕೊಂಡೆ. ಆಮೇಲೆ, ಆದೇಶ ಟೈಪಿಸಿದರೆ ತಂತ್ರಾಂಶ ತಂದು ಹಾಕಿಕೊಡುವ ಹೋಮ್‌ಬ್ರೂ ಎಂಬ ಸಾಧನದ ಮೂಲಕ ಡೇಟಾಬೇಸ್ ಅಪ್‌ಡೇಟ್ ಮಾಡಹೊರಟರೆ, ಅದು ಆದೇಶಗಳನ್ನಿಡುವ '/ಯುಎಸ್‌ಆರ್/ಲೋಕಲ್/ಬಿನ್' ಫೋಲ್ಡರಿನಲ್ಲಿ ಬರೆಯಲು ಅನುಮತಿಯಿಲ್ಲ ಎಂಬ ಉತ್ತರ ಬಂತು.

ಫೋಲ್ಡರಿನ ಮಾಲೀಕರ ಜಾಗದಲ್ಲಿ ನನ್ನ ಹೆಸರು ಹೋಗಿ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ 'ರೂಟ್' ಖಾತೆ ಬಂದು ಕುಳಿತಿತ್ತು. ತೋಟ ಕಾಯಲು ಬಂದವನು ಗೇಟಿಗೆ ತನ್ನದೇ ಬೀಗ ಜಡಿದಂತೆ! 2015ರ ಎಲ್ ಕ್ಯಾಪಿಟನ್ ಎಂಬ ಮ್ಯಾಕ್ ಆವೃತ್ತಿಯಿಂದ ಆ್ಯಪಲ್ '/ಯುಎಸ್‌ಆರ್' ಅನ್ನು ರೂಟ್ ಕೂಡ ಮುಟ್ಟದಂತೆ ಭದ್ರಪಡಿಸಿದರೂ 'ಲೋಕಲ್' ಅನ್ನು ಬಳಕೆದಾರರಿಗೆಂದೇ ಬಿಟ್ಟಿದೆ.

ಹೋಮ್‌ಬ್ರೂ ಅಳಿಸಿ ಮತ್ತೆ ಹಾಕಿ ಎಂಬ ಸಲಹೆ ಸಿಕ್ಕಿತು. ಮಳೆಗಾಲದಲ್ಲಿ ಕರೆಂಟಿನ ಜೊತೆಗೇ ನೆಟ್ಟೂ ಹೋಗುವ ಊರಿನಲ್ಲಿ ಅಷ್ಟನ್ನೂ ಮತ್ತೆ ಇಳಿಸಿಕೊಳ್ಳುವ ತಾಳ್ಮೆ ನನಗಿಲ್ಲ. ರೂಟ್ ಅಧಿಕಾರ ಕೊಡುವ 'ಸುಡೋ' ಹಚ್ಚಿ ನಡೆಸೋಣವೆಂದರೆ ಹೋಮ್‌ಬ್ರೂ ರೂಟ್ ಆಗಿ ಓಡಲು ಒಪ್ಪುವುದಿಲ್ಲ. ಹಾಗಾಗಿ ಬಿನ್, ಲಿಬ್, ಶೇರ್ ಮುಂತಾದ ಒಳಫೋಲ್ಡರುಗಳನ್ನು ಮಾತ್ರ ಮಾಲೀಕರನ್ನು ಬದಲಿಸುವ 'ಚೌನ್' ಆದೇಶದಿಂದ ನನ್ನ ಹೆಸರಿಗೆ ಮರಳಿಸಿದೆ. ಆಂಟಿವೈರಸ್ ಅಲ್ಲಿಟ್ಟ ತನ್ನ ಕಡತವನ್ನು ರೂಟ್ ಹೆಸರಿನಲ್ಲೇ ಬಿಟ್ಟೆ. ರೂಟ್ ಬಲದಿಂದ ಓಡುವ ಕಡತ ನನ್ನ ಹೆಸರಿನಲ್ಲಿದ್ದರೆ, ನನ್ನ ಖಾತೆಗೆ ನುಸುಳಿದ ಯಾವುದೇ ಕುತಂತ್ರಾಂಶ ಅದನ್ನು ತಿದ್ದಿ ಇಡೀ ಯಂತ್ರವನ್ನೇ ವಶಪಡಿಸಿಕೊಳ್ಳಬಹುದು.

ಆಂಟಿವೈರಸ್‌ನ ಮುಂದಿನ ಅಪ್‌ಡೇಟಿಗೆ ಮತ್ತದೇ ಕಥೆ. ಈ ಸಲ ಮ್ಯಾಕ್‌ನ 'ಪಿಕೆಜಿಯುಟಿಲ್' ಆದೇಶ ಬಳಸಿ ಆಂಟಿವೈರಸ್ ಕಂಪನಿಯ ಅನುಸ್ಥಾಪನಾ ಪ್ಯಾಕೇಜನ್ನೇ ಬಿಚ್ಚಿದೆ. ಅನುಸ್ಥಾಪನೆ ಮುಗಿದ ಮೇಲೆ ರೂಟ್ ಆಗಿ ಓಡುವ ಸ್ಕ್ರಿಪ್ಟ್ ಒಳಗಿರುತ್ತದೆ. ಅದು ಬರೀ ಪಠ್ಯ, ಯಾರೂ ಓದಬಹುದು. ಫೋಲ್ಡರಿನ ಮಾಲೀಕತ್ವ ಬದಲಿಸುವ ಸಾಲು ಅಲ್ಲೇ ಇತ್ತು.

ಕಂಪನಿಗೆ ಬರೆದಾಗ 'ಸುರಕ್ಷತೆಗಾಗಿ' ಎಂದರು. ಮಾತು ಪೂರ್ತಿ ಸುಳ್ಳಲ್ಲ: ಬಳಕೆದಾರ ಬರೆಯಬಲ್ಲ ಫೋಲ್ಡರಿನಲ್ಲಿ ನಕಲಿ ಆದೇಶವನ್ನು ತಂದಿಡುವುದು ಸುಲಭ. ಆದರೆ ಅಷ್ಟು ಭಯವಿದ್ದರೆ ತಮ್ಮ ಸಾಮಾನನ್ನು '/ಲೈಬ್ರರಿ'ಯಲ್ಲಿ ತಮ್ಮದೇ ಫೋಲ್ಡರ್ ಮಾಡಿ ಇಟ್ಟುಕೊಳ್ಳಲಿ. ಮೊದಲೇ ಇದ್ದವರನ್ನು ಎಬ್ಬಿಸುವುದೇಕೆ?

ಈಗ ಪಾಸ್‌ವರ್ಡ್ ಕೇಳುವ ಯಾವ ಪ್ಯಾಕೇಜನ್ನೂ ಬಿಚ್ಚಿ ಓದದೆ ಹಾಕುವುದಿಲ್ಲ. ಆ್ಯಪಲ್‌ನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ '/ಆಪ್ಟ್/ಹೋಮ್‌ಬ್ರೂ'ಗೆ ಹೋಗಿದೆ. ಅಲ್ಲಿ ಈ ಜಗಳ ಕಡಿಮೆ. ಹೊಸದು ಕೊಳ್ಳುವವರೆಗೆ, ಪ್ರತಿ ಅಪ್‌ಡೇಟ್ ಆದ ಮೇಲೆ ಮಾಲೀಕರ ಹೆಸರನ್ನು ತಾಳೆ ನೋಡುವ ಪುಟ್ಟ ಸ್ಕ್ರಿಪ್ಟ್ ಓಡಿಸುತ್ತೇನೆ.