ಅತ್ತೆಯ ಅಡಿಗೆಮನೆಯನ್ನು ಕೆಡವದೆ ಉಳಿಸಿಕೊಂಡಿದ್ದು ಹೀಗೆ

ಮಲೆನಾಡಿನ ಸಾಗರ ಊರಿನ ಹತ್ತಿರ ನಮ್ಮದು ಹಂಚಿನ ಹಳೇ ಮನೆ. ಅಡಿಗೆಮನೆ ಕೆಡವಿ ಹೊಸದು ಮಾಡಿಸಿ ಅಂತ ಬಂದವರೆಲ್ಲ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಒಲೆಯ ಎದುರು ಅತ್ತೆ ಮಣೆ ಹಾಕಿ ಕೂರುತ್ತಿದ್ದ ಕಡೆ ನೆಲ ಈಗಲೂ ಹೊಳೆಯುತ್ತದೆ. ಅದನ್ನು ಕಿತ್ತರೆ ಮತ್ತೆ ಸಿಗುತ್ತದಾ? ನಿಮ್ಮಲ್ಲೂ ಇಂಥ ಅಡಿಗೆಮನೆ ಇದ್ದರೆ, ನಾನು ಮಾಡಿಕೊಂಡಿದ್ದನ್ನು ಹೇಳುತ್ತೇನೆ.

ಮೊದಲು ಒಲೆ ಹಚ್ಚಿ. ಗ್ಯಾಸ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಬೆಂಕಿ ಕಾಣದ ಅಡಿಗೆಮನೆಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಒಂದು ಹೊತ್ತು ಅನ್ನವನ್ನಾದರೂ ಒಲೆಯ ಮೇಲೆ ಮಾಡಿ. ಹೊಗೆಗೆ ಕಣ್ಣು ಉರಿಯುತ್ತದೆ ಅನ್ನುವವರು ಅಸ್ತ್ರ ಒಲೆ ಕಟ್ಟಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಒಲೆ ಅದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಕಾವು ಒಳಗೆ ಉಳಿಯುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಮಾತ್ರ ಹೊಗೆ ವಾಪಸ್ ಬರುತ್ತದೆ, ಆಗಾಗ ಬಿಡಿಸುತ್ತಿರಿ. ಮಾಡಿನ ಇಲ್ಲಣವನ್ನು, ಅಂದರೆ ಜೋತುಬಿದ್ದ ಮಸಿಯನ್ನು, ಮಳೆಗೆ ಮುಂಚೆ, ಮೇ ತಿಂಗಳಲ್ಲೇ ತೆಗೆದುಬಿಡಿ. ಉದ್ದದ ಗಳಕ್ಕೆ ಪೊರಕೆ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡು ಗುಡಿಸಿ. ಅದಕ್ಕೂ ಮೊದಲು ಪಾತ್ರೆ, ಡಬ್ಬಿ ಎಲ್ಲ ಆಚೆ ಇಡಿ.

ಕತ್ತಲೆ ಅಂತ ಗೋಡೆ ಒಡೆದು ಕಿಟಕಿ ಇಡಬೇಡಿ. ಎರಡು ಗಾಜಿನ ಹಂಚು ಸಾಕು. ಒಂದು ಒಲೆಯ ಮೇಲೆ, ಇನ್ನೊಂದು ಪಾತ್ರೆ ತೊಳೆಯುವ ಕಡೆ. ಅಂಗಡಿಗೆ ಹೋಗುವಾಗ ನಿಮ್ಮ ಮನೆಯ ಒಂದು ಹಂಚನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ನೋಡೋಕೆ ಎಲ್ಲವೂ ಒಂದೇ ಥರ, ಆದರೆ ಒಂದರ ಅಂಚಿನ ತೋಡು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಅಲ್ಲೇ ಸೋರುತ್ತದೆ.

ಇನ್ನು ನೆಲ. ಕೆಂಪು ನೆಲಕ್ಕೆ ಆಸಿಡ್ ಹಾಕಲೇಬೇಡಿ, ಹೊಳಪು ಹೋದರೆ ಹೋಯಿತು. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಳೇ ಹತ್ತಿ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ನಾಲ್ಕೇ ಹನಿ, ಜಾಸ್ತಿಯಾದರೆ ಜಾರುತ್ತದೆ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ನಮ್ಮ ನೆಲದಲ್ಲಿ ಬಿರುಕು ಬಿಟ್ಟಿದ್ದಕ್ಕೆ ತೇಪೆ ಹಾಕಲು ಬಂದ ಮೇಸ್ತ್ರಿ ಅವಸರ ಮಾಡಿದರು. ಹಸಿಯಲ್ಲಿ ಬಣ್ಣ ಹೊಂದಿತ್ತು, ಒಣಗಿದಾಗ ಬೇರೆಯೇ ಆಯಿತು. ಆ ತೇಪೆ ನೋಡಿದರೆ ನನಗೆ ಇವತ್ತಿಗೂ ಬೇಜಾರು. ನೀವು ಮೊದಲು ಕರಟದಲ್ಲಿ ಸಿಮೆಂಟು, ಕೆಂಪು ಪುಡಿ ಬೇರೆ ಬೇರೆ ಅಳತೆಯಲ್ಲಿ ಕಲಸಿ, ಪೂರ್ತಿ ಒಣಗಲು ಬಿಟ್ಟು, ನೆಲದ ಪಕ್ಕ ಇಟ್ಟು ನೋಡಿ. ತೇಪೆ ಹಾಕಿದ ಮೇಲೆ ಒಂದು ವಾರ ಒದ್ದೆ ಗೋಣಿ ಹೊದಿಸಿಡಿ.

ಒರಳು ನುಣುಪಾಗಿದ್ದರೆ ಕಲ್ಲು ಕೆಲಸದವರಿಂದ ಉಳಿಯಲ್ಲಿ ತರಿ ಮಾಡಿಸಿ. ಆಮೇಲೆ ನೆನೆಸಿದ ಅಕ್ಕಿಯನ್ನು ಹಿಡಿ ಹಿಡಿ ಹಾಕಿ ರುಬ್ಬಿ ಚೆಲ್ಲಿ. ಹಿಟ್ಟನ್ನು ಬೆರಳಲ್ಲಿ ಉಜ್ಜಿದಾಗ ಕಲ್ಲು ಸಿಗಬಾರದು, ಅಲ್ಲಿವರೆಗೂ ಬಿಡಬೇಡಿ.

ಅಟ್ಟ ಹುಡುಕಿ. ನನಗೆ ಅಲ್ಲೇ ಅತ್ತೆಯ ಕಲ್ಮರಿಗೆ ಸಿಕ್ಕಿದ್ದು, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಬಳಪದ ಕಲ್ಲಿನ ಅಡಿಗೆ ಪಾತ್ರೆ ಅದು. ವರ್ಷಗಟ್ಟಲೆ ಸುಮ್ನೆ ಇದ್ದ ಮರಿಗೆಯನ್ನು ಸೀದಾ ಬೆಂಕಿಗೆ ಇಟ್ಟರೆ ಸೀಳು ಬಿಡುತ್ತದೆ. ಒಳಗೂ ಹೊರಗೂ ಹರಳೆಣ್ಣೆ, ಅರಿಶಿನ ಹಚ್ಚಿ ಬಿಸಿಲಿಗಿಡಿ. ಎಣ್ಣೆ ಕುಡಿದಂತೆ ಮತ್ತೆ ಹಚ್ಚಿ. ನಾನು ಐದು ದಿನ ಹಚ್ಚಿದೆ. ಆಮೇಲೆ ಮೂರು ದಿನ ಬಿಸಿ ಗಂಜಿ ತಿಳಿ ತುಂಬಿಸಿಟ್ಟು, ದಿನಾ ಬದಲಾಯಿಸಿದೆ. ಮೊದಲ ಸಲ ಒಲೆಗೆ ಇಡುವಾಗ ಕೆಂಡದ ಮೇಲೆ ನೀರು ತುಂಬಿ ಇಡಿ, ನಿಧಾನವಾಗಿ ಕಾಯಲಿ. ಬಿಸಿ ಮರಿಗೆಗೆ ತಣ್ಣೀರು ಹಾಕಬೇಡಿ. ಇಳಿಸುವಾಗ ಒದ್ದೆ ನೆಲದ ಮೇಲೂ ಇಡಬೇಡಿ, ಹುಲ್ಲಿನ ಸಿಂಬಿ ಇಟ್ಟುಕೊಳ್ಳಿ. ತೊಳೆಯಲು ಸೋಪು ಬೇಡ, ಕಡಲೆಹಿಟ್ಟು ಸಾಕು.

ಮೊದಲಿಗೆ ಹಾಗಲಕಾಯಿ ಗೊಜ್ಜು ಮಾಡಿ. ಹುಣಸೆಹುಳಿ, ಬೆಲ್ಲ ಕುದಿಯಲು ಶುರುವಾದ ಕೂಡಲೇ ಇಳಿಸಿಬಿಡಿ. ಇಳಿಸಿದ ಮೇಲೂ ಕಲ್ಲಿನ ಕಾವಿಗೆ ಬಹಳ ಹೊತ್ತು ಕೊತಕೊತ ಅನ್ನುತ್ತಲೇ ಇರುತ್ತದೆ. ಅಷ್ಟರಲ್ಲಿ ಮಣೆ ಹಾಕಿ, ಬಾಳೆಲೆ ಒರೆಸಿಕೊಳ್ಳಬಹುದು.